ಬಸದಿ ಮಡುವಿನ ಕೊಳಸ

ಹೈದರಾಬಾದ್
18 ಜೂನ್ 2013

ಅವ್ವ,

ಜೈ ಜಿನೇಂದ್ರ. ನಾನು ದಿಗ್ಗೇವಾಡಿಯಿಂದ ಬಂದು ತಿಂಗಳಾಯಿತು. ಫೋನ್ ಮಾಡಿದರೆ ನಿನ್ನ ಬಾಯಿ ನನ್ನ ಬಾಯಿ ಎರಡೂ ಒಟ್ಟಿಗೇ ತೆರೆಯುತ್ತವೆ, ಕೊನೆಗೆ ಇಬ್ಬರಿಗೂ ಏನೂ ಕೇಳಿಸುವುದಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಸದಿಯ ಕಟ್ಟೆಯ ಮೇಲೆ ಯಾರೋ ನನ್ನನ್ನು "ಮೀನ ಕೊಲ್ಲಾಕಿ" ಅಂದರೆಂದು ನೀನು ಅನ್ನ ಬಿಟ್ಟು ಕೂತೆ. ನಾನು ಒಂದು ಮೀನನ್ನೂ ಕೊಂದಿಲ್ಲ, ಅವ್ವ. ಮೀನು ಹಿಡಿಯುವ ಭರಮು ಬಲೆ ಎಳೆದ. ನಾನು ಬಾಲದ ತುದಿಯಲ್ಲಿ ಉಗುರಿನಷ್ಟು ರೆಕ್ಕೆ ಕತ್ತರಿಸಿ ಸ್ಪಿರಿಟ್ಟಿನ ಸೀಸೆಗೆ ಹಾಕಿದೆ, ಮೀನನ್ನು ಮತ್ತೆ ಮಡುವಿಗೆ ಬಿಟ್ಟೆ. ಆ ರೆಕ್ಕೆ ತಿರುಗಿ ಬೆಳೆಯುತ್ತದೆ. ಆದರೆ ಬಸದಿಯ ಕೆಳಗಿನ ಹೊಳೆಯ ಮಡುವಿನಲ್ಲಿ ಬಲೆ ಹಾಕಬಾರದು ಎಂಬ ಕಟ್ಟಳೆ ಮುರಿದದ್ದು ನಿಜ. ಅದೂ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಸುಗಂಧಾ ಅಕ್ಕೋರ ಮಗಳು! ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನಿನಗೆ. ಅದು ನನಗೆ ಗೊತ್ತಾಗುತ್ತದೆ.

ಈಗ ಯಾಕೆ ಹಾಕಿದೆ ಅಂತ ಕೇಳು. ತಿನ್ನದವರಿಗೆ ಮೀನೆಲ್ಲ ಒಂದೇ. ಆದರೆ ಆ ಮಡುವಿನಲ್ಲಿರುವುದು ಕೊಳಸ. ಘಟ್ಟದ ತಣ್ಣೀರಿನ ಹಳ್ಳಗಳಲ್ಲೂ ಕೊಳಸ ಇದೆ, ಕೃಷ್ಣೆಯ ಬಯಲಲ್ಲೂ ಇತ್ತು. ಪ್ರತಿ ಜೀವದ ಒಂದೊಂದು ಕಣದಲ್ಲೂ ಅದರ ವಂಶದ ಪೂರ್ತಿ ಬರಹ ಇರುತ್ತದೆ. ನಾವು ಅದನ್ನು ಯಂತ್ರದಲ್ಲಿ ಅಕ್ಷರ ಬಿಡದೆ ಓದುತ್ತೇವೆ. ಊರೂರಿನ ಮೀನುಗಳ ಬರಹ ಪಕ್ಕಪಕ್ಕ ಇಟ್ಟು ಯಾವುದು ಯಾರ ಬಳಗ, ಎಲ್ಲಿ ಏನು ಬೇರೆ ಎಂದು ನೋಡುವುದೇ ನನ್ನ ಕೆಲಸ. ಹೀಗೆ ನೋಡಿದಾಗ ನಮ್ಮ ಮಡುವಿನ ಕೊಳಸ ಘಟ್ಟದ ಕೊಳಸಕ್ಕಿಂತ ಬೇರೆ ಎಂದು ತಿಳಿಯಿತು. ಹೊರಗಿನಿಂದ ಒಂದೇ ರೂಪ, ಒಳಗೆ ಬೇರೆ. ನಮ್ಮ ಬೇಸಿಗೆಯಲ್ಲಿ ಮಡುವಿನ ನೀರು ಸ್ನಾನದ ನೀರಿನ ಹಾಗೆ ಕಾಯುತ್ತದೆ. ತಾಳದವು ಹಿಂದೆಯೇ ಸತ್ತವು, ತಾಳಿದವು ಮರಿ ಮಾಡಿದವು, ಹೀಗೇ ನೂರಾರು ತಲೆಮಾರು ನಡೆದು ಬಂದಿದೆ. ಮುಂದೆ ಬೇಸಿಗೆಗಳು ಇನ್ನೂ ಕಾಯುತ್ತವೆ, ಅವ್ವ. ಘಟ್ಟದ ಹಳ್ಳಗಳೂ ಕಾಯುತ್ತವೆ. ಆಗ ಇಡೀ ಕೃಷ್ಣೆಗೆ ಬೀಜಕ್ಕೆ ಬೇಕಾಗುವುದು ಬಿಸಿ ತಾಳುವ ಈ ಬಳಗವೇ. ಬೇರೆಲ್ಲೂ ನಮಗೆ ಅದು ಸಿಕ್ಕಿಲ್ಲ. ಇಲ್ಲಿ ಉಳಿದಿರುವುದು ಯಾಕೆ ಗೊತ್ತೇ? ಬಸದಿಯವರು ಬಲೆ ಹಾಕಗೊಡಲಿಲ್ಲ, ಅದಕ್ಕೆ. ಆದರೂ ಉಳಿದಿರುವುದು ಬಹಳ ಕಡಿಮೆ.

ನಿನ್ನ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಗುತ್ತಿದೆ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ
ಬ್ರಾಹ್ಮಿ


ದಿಗ್ಗೇವಾಡಿ
5 ಜುಲೈ 2013

ಬ್ರಾಹ್ಮಿ,

ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ. ಕಾಗದ ಒಡೆದ ಕೂಡಲೇ ನಿನ್ನ ಅಕ್ಷರ ನೋಡಿ ಸಂಕಟವಾಯಿತು. ನಾನೇ ಕೈ ಹಿಡಿದು ತಿದ್ದಿಸಿದ್ದು ಈಗ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ಮೀನಿನ ಅಕ್ಷರ ಓದುವವಳಿಗೆ ತನ್ನ ಅಕ್ಷರ ಬರೆಯಲು ಬಾರದೆ?

ನೀನು ಕೊಂದಿಲ್ಲ ಎಂದರೆ ಕೊಂದಿಲ್ಲ. ನನ್ನ ಮಗಳು ಸುಳ್ಳು ಹೇಳುವವಳಲ್ಲ. ಆದರೆ ನೋವಾಗಲಿಲ್ಲವೇ ಅವಕ್ಕೆ? ಉಗುರು ಎಂದು ಬರೆದಿದ್ದೀಯ. ಉಗುರಿಗೆ ರಕ್ತ ಇರುವುದಿಲ್ಲ, ರೆಕ್ಕೆಗೆ ಇರುತ್ತದೆ. ಬಸದಿ ಕಮಿಟಿಯ ಮಹಾವೀರ ಕಾಕಾ ಮೊನ್ನೆ ಎಲ್ಲರ ಎದುರಿಗೆ, "ಅಕ್ಕೋರ, ನಿಮ್ಮ ಮಗಳು ಓದಿದ್ದ ಭಾಳ ಆತು ಬಿಡ್ರಿ" ಎಂದ. ಮನೆಗೆ ಬಂದು ನಿನ್ನ ಕಾಗದವನ್ನು ಮತ್ತೆ ಓದಿದೆ. ಅರ್ಧ ತಿಳಿಯಿತು. ನಮ್ಮ ಬಸದಿಯ ಆಸರೆಯಲ್ಲಿ ಒಂದು ವಂಶ ಉಳಿದು ಬಂದಿದೆ ಎಂಬಷ್ಟು ತಿಳಿಯಿತು. ಬಹಳ ಕಡಿಮೆ ಉಳಿದಿವೆ ಎಂದು ಬರೆದೆಯಲ್ಲ, ಆ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಅಷ್ಟು ಹಿಂದಿನಿಂದ ನಮ್ಮನ್ನು ನಂಬಿ ಬಂದದ್ದು ನಮ್ಮ ಕಾಲದಲ್ಲಿ ಅಳಿಯುವುದೆಂದರೆ ಏನು!

ನಾನು ಈ ವರ್ಷ ಜೀವದಯಾಷ್ಟಮಿ ನೋಂಪಿ ಹಿಡಿದಿದ್ದೇನೆ. ನಿನಗಾಗಿ ಈ ವ್ರತ. ಬೇಡ ಎನ್ನಬೇಡ, ಮಾಡುವವಳು ನಾನು, ನೀನು ಉಪವಾಸ ಬೀಳಬೇಕಾಗಿಲ್ಲ.

ಮಂಡಿ ಹಾಗೇ ಇದೆ.

ನಿನ್ನ ಅವ್ವ
ಸುಗಂಧಾ


ದಿಗ್ಗೇವಾಡಿ
16 ಅಕ್ಟೋಬರ್ 2013

ನನ್ನ ಬ್ರಾಹ್ಮಿಗೆ,

ಇವತ್ತು ಕ್ಷೇಮ ಎಂದು ಬರೆಯುತ್ತೇನೆ. ನೀನು ಕೂತಿದ್ದೀಯೋ ನಿಂತಿದ್ದೀಯೋ, ಕೂತು ಓದು.

ಅಷ್ಟಮಿಯ ದಿನ ನೋಂಪಿಯ ಉದ್ಯಾಪನೆ ಮಾಡಿದೆ. ಜೀವ ಬಿಡಿಸಿ ಬಿಡುವುದು ಆ ದಿನದ ಪುಣ್ಯದ ಕೆಲಸ ಎಂದು ನಿನಗೆ ಗೊತ್ತೇ ಇದೆ. ಸಂತೆಯಲ್ಲಿ ಗಿಳಿ, ಪಾರಿವಾಳ ಕೊಂಡು ಹಾರಿಸುತ್ತಾರೆ. ಅವು ಮರುದಿನ ಮತ್ತೆ ಅದೇ ಸಂತೆಯ ಬುಟ್ಟಿಯಲ್ಲಿರುತ್ತವೆ. ನನಗೆ ಆ ನಾಟಕ ಬೇಡ ಎನಿಸಿತು. ನಿನ್ನ ತಮ್ಮ ಸುಜಯನನ್ನು ಕಾಡಿದೆ. ಅವನು ಎಲ್ಲೆಲ್ಲೋ ಕೇಳಿ, ಘಟ್ಟದ ಸೆರಗಿನಲ್ಲಿ ಕೊಳಸದ ಮರಿ ಮಾಡಿ ಮಾರುವವರೊಬ್ಬರನ್ನು ಹುಡುಕಿದ. ಕೊಳಸವೇ ಹೌದೋ ಎಂದು ನಾನು ಮೇಲಿಂದ ಮೇಲೆ ಕೇಳಿಸಿದೆ. ಬೇರೆ ಜಾತಿಯದು ತಂದು ಬಿಟ್ಟರೆ ನಿನ್ನ ಮೀನಿಗೆ ತೊಂದರೆ ಎಂಬಷ್ಟು ತಿಳಿವಳಿಕೆ ನನಗೂ ಇದೆ. ಭರಮು ಒಂದನ್ನು ಅಂಗೈ ಮೇಲೆ ಹಿಡಿದು ನೋಡಿ, "ಹೌದ್ರಿ ಅವ್ವಾರ, ಅಪ್ಪಟ ಕೊಳಸ ಐತಿ" ಎಂದ ಮೇಲೆಯೇ ಚೀಲ ಬಿಚ್ಚಿಸಿದ್ದು.

ಗಾಳಿ ತುಂಬಿದ ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲಗಳು, ಟೆಂಪೋ ತುಂಬಾ. ಊರೆಲ್ಲ ಮಡುವಿನ ಮೆಟ್ಟಿಲ ಮೇಲೆ. ಣಮೋಕಾರ ಮಂತ್ರ ಹೇಳುತ್ತಾ ಮೊದಲನೇ ಚೀಲ ನಾನೇ ಮಡುವಿಗೆ ಸುರಿದೆ. ಅವು ಒಂದು ಗಳಿಗೆ ನನ್ನ ಕಾಲ ಸುತ್ತಲೇ ತಿರುಗಿ ಆಮೇಲೆ ಆಳಕ್ಕೆ ಹೋದವು. ಬ್ರಾಹ್ಮಿ, ನಿನ್ನ ಅಪ್ಪ ತೀರಿದ ಮೇಲೆ ನನಗೆ ಇಷ್ಟು ಸಂತೋಷ ಆಗಿರಲಿಲ್ಲ. ಮಹಾವೀರ ಕಾಕಾ ಎಲ್ಲರಿಗೂ ಕೇಳುವ ಹಾಗೆ, "ಮಗಳು ಕತ್ತರಿಸಿದ್ದನ್ನ ಅವ್ವ ಹೊಲದಾಳ ನೋಡ್ರಿ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇನ್ನು ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಕಡಿಮೆ ಎಂದಿದ್ದೆಯಲ್ಲ, ಈಗ ಕಡಿಮೆ ಇಲ್ಲ. ಬಂದು ನೋಡು. ಬಲೆ ಬೇಡ, ಕಣ್ಣಲ್ಲಿ ನೋಡು.

ನಿನ್ನ ಅವ್ವ


ಹೈದರಾಬಾದ್
2 ನವೆಂಬರ್ 2013

ಸುಜಯ,

ನಿನ್ನ ಕಾರ್ಖಾನೆಯ ಆಫೀಸಿಗೇ ಬರೆಯುತ್ತಿದ್ದೇನೆ, ಇದು ಅವ್ವನಿಗೆ ಗೊತ್ತಾಗಬಾರದು. ಫೋನ್ ಮಾಡಿದರೆ ನಾನು ಅಳುತ್ತೇನೆ, ನೀನು ಗಾಬರಿಯಾಗುತ್ತೀ, ಮಾತು ಮುಗಿಯುವುದಿಲ್ಲ.

ನೀನು ತಂದದ್ದು ಕೊಳಸವೇ. ತಪ್ಪಾದದ್ದು ಅಲ್ಲಿ ಅಲ್ಲ. ಅವು ಘಟ್ಟದ ತಣ್ಣೀರಿನ ಬಳಗ. ನಮ್ಮ ಹೊಲದ ಜವಾರಿ ಜೋಳದ ಮಗ್ಗುಲಿಗೆ ಹೈಬ್ರಿಡ್ ಬಿತ್ತಿದರೆ ಗಾಳಿಗೆ ಪರಾಗ ಹಾರಿ ಬೀಜ ಕೆಡುತ್ತದೆ, ಬರುವ ವರ್ಷದ ತೆನೆ ಅತ್ತಲೂ ಅಲ್ಲ ಇತ್ತಲೂ ಅಲ್ಲ. ಇದೂ ಹಾಗೇ. ಮಡುವಿನಲ್ಲಿ ಹಳೆಯವು ಕೆಲವೇ ಇವೆ, ನೀವು ಬಿಟ್ಟದ್ದು ಸಾವಿರಾರು. ಒಂದೆರಡು ಮಳೆಗಾಲ ಕೂಡಿ ಮರಿ ಹಾಕಿದರೆ ಬಿಸಿ ತಾಳುವ ಗುಣ ತೆಳುವಾಗಿ ಹರಿದು ಹೋಗುತ್ತದೆ. ಜೀನೋಮ್ ಓದಿ ಗುರುತಿಸಿದ್ದು ಯಾವುದನ್ನೋ ಅದೇ ಇರುವುದಿಲ್ಲ. ಆಮೇಲೆ ಯಾವ ಯಂತ್ರವೂ ಅದನ್ನು ಬೇರ್ಪಡಿಸಿ ಕೊಡುವುದಿಲ್ಲ.

ಇನ್ನೂ ಕಾಲ ಮಿಂಚಿಲ್ಲ. ಬಿಟ್ಟವು ಇನ್ನೂ ಮರಿ, ಗಾತ್ರದಿಂದಲೇ ಗುರುತು ಸಿಗುತ್ತದೆ. ಬೇಸಿಗೆಯಲ್ಲಿ ಮಡು ಇಳಿದಾಗ ಭರಮು ಸಣ್ಣ ಕಣ್ಣಿನ ಬಲೆ ಹಾಕಿದರೆ ಬಹುತೇಕ ತೆಗೆಯಬಹುದು. ಜೊತೆಗೆ ಹಳೆಯ ಕೊಳಸ ಕೆಲವನ್ನು ತೊಟ್ಟಿಗೆ ತಂದು ಸಾಕಲು ನಾನು ಅನುಮತಿಗೆ ಬರೆಯುತ್ತೇನೆ, ಅದು ಯಾವಾಗ ಬರುತ್ತದೋ ಆ ದೇವರಿಗೇ ಗೊತ್ತು. ತೆಗೆದ ಮರಿಗಳನ್ನು ಬೇರೆ ಎಲ್ಲಿಗೂ ಬಿಡುವ ಹಾಗಿಲ್ಲ, ಅಲ್ಲೂ ಬೀಜ ಕೆಡಿಸುತ್ತವೆ. ಸಾಯಿಸಬೇಕು. ಇದನ್ನು ಬರೆಯಲು ಎರಡು ಹಾಳೆ ಹರಿದೆ.

ಅವ್ವನನ್ನು ನಾಲ್ಕು ದಿನ ಅಕ್ಕೋಳದ ಚಿಕ್ಕವ್ವನ ಮನೆಗೆ ಕಳಿಸು. ಅವಳಿಲ್ಲದಾಗ ಮುಗಿಸಿಬಿಡೋಣ.

ಅಕ್ಕ


ರಾಯಬಾಗ
15 ನವೆಂಬರ್ 2013

ಅಕ್ಕಾ,

ಕಾಗದ ಓದಿದೆ. ಟೆಂಪೋ ಹೊಡೆದವನು ನಾನೇ, ಹಾಗಾಗಿ ನನಗೂ ರಾತ್ರಿ ನಿದ್ದೆ ಬರುತ್ತಿಲ್ಲ. ಮೊದಲೇ ನಿನ್ನನ್ನು ಕೇಳಬೇಕಿತ್ತು. ಅವ್ವ, "ಅಕಿಗೆ ಹೇಳಬ್ಯಾಡೋ, ಗಮ್ಮತ್ತ ಆಗಲಿ" ಎಂದಳು. ಕೇಳಿದೆ.

ಆದರೆ ನೀನು ಹೇಳಿದ್ದು ನನ್ನಿಂದ ಆಗುವುದಿಲ್ಲ. ಅವಳು ದಿನಾ ಪೂಜೆ ಮುಗಿಸಿ ಮೆಟ್ಟಿಲ ಮೇಲೆ ಕೂತು ಚುರುಮುರಿ ಹಾಕುತ್ತಾಳೆ. ಅವಳ ನೆರಳು ನೀರಿಗೆ ಬಿದ್ದರೆ ಸಾಕು, ಆ ಮರಿಗಳು ಗುಂಪಾಗಿ ಮೇಲೆ ಬರುತ್ತವೆ. ಮಂಡಿ ನೋವು ಎಂದು ಬಾಗಿಲು ದಾಟದವಳು ಈಗ ಅಷ್ಟು ಮೆಟ್ಟಿಲು ಇಳಿದು ಹತ್ತುತ್ತಾಳೆ. ಬಂದವರಿಗೆಲ್ಲ, "ಇವು ನಮ್ಮ ಬ್ರಾಹ್ಮಿ ಮೀನರಿ" ಎಂದು ತೋರಿಸುತ್ತಾಳೆ. ಅಪ್ಪ ಹೋದ ಮೇಲೆ ಅವಳು ಇನ್ನೊಬ್ಬರ ಜೊತೆ ಕೂತು ನಕ್ಕಿದ್ದು ನಾನು ನೋಡಿರಲಿಲ್ಲ. ಅಕ್ಕೋಳದಿಂದ ತಿರುಗಿ ಬಂದು ಖಾಲಿ ನೀರು ನೋಡಿದರೆ ನಾನು ಏನು ಹೇಳಲಿ? ಕಟ್ಟಳೆ ಮುರಿದು ಬಲೆ ಹಾಕಿಸಿ, ಅವಳು ಬಿಟ್ಟ ಜೀವಗಳನ್ನು ದಂಡೆಯ ಮೇಲೆ ಕೊಂದದ್ದು ಅವಳ ಮಕ್ಕಳೇ ಎಂದೇ?

ಹೇಳುವುದಿದ್ದರೆ ನೀನೇ ಬಂದು ಅವಳ ಎದುರಿಗೆ ಕೂತು ಹೇಳು. ನೀನು ಹೇಳಿದರೆ ನಾನು ಬಲೆಯ ಇನ್ನೊಂದು ತುದಿ ಹಿಡಿಯುತ್ತೇನೆ.

ಸುಜಯ


ಹೈದರಾಬಾದ್
10 ಜನವರಿ 2014

ಅವ್ವ,

ಇಷ್ಟು ದಿನ ಬರೆಯದಿದ್ದಕ್ಕೆ ಬೈಯಬೇಡ. ಬರೆಯಲು ಕೂತಾಗಲೆಲ್ಲ ಏನೋ ಒಂದು ಕೆಲಸ ಬಂತು.

ನೀನು ಮೀನು ಬಿಟ್ಟದ್ದು ಓದಿದೆ. ಬಹಳ ಒಳ್ಳೆಯದಾಯಿತು, ಅವ್ವ. ನೀನು ಮೆಟ್ಟಿಲು ಇಳಿದು ಹೋಗುತ್ತೀ ಎಂದು ಸುಜಯ ಬರೆದ. ಜಾರೀತು, ಗೋಡೆ ಹಿಡಿದು ಇಳಿ. ಬೇಸಿಗೆಯಲ್ಲಿ ಬರಬೇಕು ಎಂದು ಬಲೆ, ತೊಟ್ಟಿ ಎಲ್ಲಾ ಕಟ್ಟಿಟ್ಟಿದ್ದೆ. ಈ ಸಲ ಬರಲು ಆಗುವುದಿಲ್ಲ.

ಒಂದು ಮಾತು. ಇನ್ನೊಮ್ಮೆ ಬಿಡಬೇಕಾಗಿಲ್ಲ. ಬಿಟ್ಟದ್ದೇ ಸಾಕು.

ಬ್ರಾಹ್ಮಿ


ದಿಗ್ಗೇವಾಡಿ
9 ಅಕ್ಟೋಬರ್ 2014

ಬ್ರಾಹ್ಮಿ,

ಸಾಕು ಎಂದು ನೀನು ಬರೆದಿದ್ದೆ. ಉಣ್ಣಲು ಕೂತವರು ಸಂಕೋಚಕ್ಕೆ ಸಾಕು ಎನ್ನುತ್ತಾರೆ, ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಈ ಅಷ್ಟಮಿಗೂ ಬಿಟ್ಟೆವು. ಸುಜಯ ಬೇಡ ಎಂದು ರಗಳೆ ಮಾಡಿದ, ಟೆಂಪೋ ಸಿಗುವುದಿಲ್ಲ ಎಂದ. ಮಹಾವೀರ ಕಾಕಾ ತನ್ನ ಗಾಡಿಯನ್ನೇ ಕಳಿಸಿದ. ಕುಡಚಿಯಿಂದಲೂ ಆಚೆ ದಂಡೆಯ ಊರುಗಳಿಂದಲೂ ಶ್ರಾವಕರು ಬಂದಿದ್ದರು. ಹೋದ ವರ್ಷದ್ದಕ್ಕೆ ಇದು ಮೂರು ಪಟ್ಟು ಆದೀತು.

ಬಹಳ ಒಳ್ಳೆಯದಾಯಿತು ಎಂದು ನೀನು ಬರೆದ ಕಾಗದವನ್ನು ಕಾಕಾನಿಗೆ ಓದಿ ತೋರಿಸಿದ್ದೆ. ಅವನು ಬ್ಯಾನರ್ ಬರೆಸಿಬಿಟ್ಟಿದ್ದಾನೆ, ವಿಜ್ಞಾನಿ ಬ್ರಾಹ್ಮಿಯವರ ಸಲಹೆಯಂತೆ, ಸುಗಂಧಾ ಅಕ್ಕನವರ ಪ್ರೇರಣೆಯಿಂದ ಎಂದು. ನಿನ್ನ ಹೆಸರು ನನ್ನ ಹೆಸರಿಗಿಂತ ದೊಡ್ಡದಾಗಿದೆ. ಹೋದ ವರ್ಷ ನಿನ್ನನ್ನು ಬೈದವರೇ ಅದರ ಕೆಳಗೆ ನಿಂತು ಫೋಟೋ ಹೊಡೆಸಿಕೊಂಡರು! ಊರ ಬಾಯಿ ಹೇಗೆ ತಿರುಗುತ್ತದೆ ನೋಡು.

ನೀನು ಒಂದೂವರೆ ವರ್ಷದಿಂದ ಬಂದಿಲ್ಲ. ನನ್ನ ಮೇಲೆ ಸಿಟ್ಟು ಇಲ್ಲ ತಾನೇ? ಈಗ ಸಿಟ್ಟಿಗೆ ಕಾರಣವೇ ಉಳಿದಿಲ್ಲ.

ಅವ್ವ


ದಿಗ್ಗೇವಾಡಿ
24 ಏಪ್ರಿಲ್ 2016

ಬ್ರಾಹ್ಮಿ,

ಹೊಳೆ ಬತ್ತಿದೆ. ನನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ಕುಡಚಿ ಸೇತುವೆಯ ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಎಂದು ದಿನಾ ಸುದ್ದಿ ಬರುತ್ತದೆ, ನೀರು ಬರುವುದಿಲ್ಲ. ಬಸದಿ ಮಡುವಿನಲ್ಲಿ ನಮ್ಮ ಅಂಗಳದಷ್ಟು ನೀರು ಉಳಿದಿತ್ತು. ಕೈ ಇಟ್ಟರೆ ಚುರುಕ್ ಎನ್ನುತ್ತಿತ್ತು. ಮೇಲೆ ಗೋಣಿತಟ್ಟು ಕಟ್ಟಿಸಿದೆವು. ಸುಜಯ ಬೋರಿನ ನೀರು ಟ್ಯಾಂಕರಿನಲ್ಲಿ ತಂದು ಸುರಿದ.

ಮೊದಲು ಸಣ್ಣವು ಮೇಲೆ ಬಂದು ಬಾಯಿ ತೆರೆದು ತೆರೆದು ಸತ್ತವು. ನಾನು ಚುರುಮುರಿ ಹಾಕಿ ಬೆಳೆಸಿದವು. ತೆಗೆದು ಮುಗಿಸುವುದರೊಳಗೆ ಕೊಳೆತವು, ನೀರು ಕಪ್ಪಾಯಿತು. ಆಮೇಲೆ ಅಡಿಯಿಂದ ದೊಡ್ಡವು ಬಂದವು. ನೀನು ರೆಕ್ಕೆ ಕತ್ತರಿಸಿದ್ದೆಯಲ್ಲ, ಆ ಕಾಲದವು. ಅವು ಬಹಳ ಹೊತ್ತು ತಡೆದವು. ಭರಮು ಎರಡನ್ನು ಕೊಡದಲ್ಲಿ ಹಾಕಿಕೊಂಡು ಓಡಿದ, ಮನೆ ಮುಟ್ಟುವ ಮೊದಲೇ ಅವು ಬಿಳಿ ಹೊಟ್ಟೆ ಮೇಲೆ ಮಾಡಿದ್ದವು. ಈಗ ಮಡುವಿನಲ್ಲಿ ಒಂದೂ ಇಲ್ಲ. ವಾಸನೆಗೆ ಬಸದಿಯ ಬಾಗಿಲು ಹಾಕಿದ್ದಾರೆ.

ಬಿಸಿ ತಾಳುವ ಬಳಗ ಎಂದು ನೀನು ಬರೆದಿದ್ದೆ. ಹಾಗಾದರೆ ಯಾಕೆ ಸತ್ತವು? ನನಗೆ ಇದು ತಿಳಿಯುತ್ತಿಲ್ಲ, ಮಗಳೇ. ಮಹಾವೀರ ಕಾಕಾ, "ಮಳಿ ಆಗಲ್ರಿ ಅಕ್ಕೋರ, ಎರಡ ಪಟ್ಟ ತಂದ ಬಿಡೂಣು" ಎನ್ನುತ್ತಾನೆ. ಎಷ್ಟು ತರಬೇಕು, ಎಲ್ಲಿಂದ ತರಬೇಕು ಎಂದು ನಿನ್ನನ್ನು ಕೇಳಿ ಬರೆಯಲು ಹೇಳಿದ್ದಾನೆ.

ಅವ್ವ


ಹೈದರಾಬಾದ್
3 ಮೇ 2016

ಅವ್ವ,

ತರಬೇಡಿ. ಒಂದನ್ನೂ ತರಬೇಡಿ.

ಯಾಕೆ ಸತ್ತವು ಎಂದು ಕೇಳಿದ್ದೀಯ. ಸಣ್ಣವು ನಮ್ಮ ಬಳಗ ಆಗಿರಲಿಲ್ಲ. ನೀವು ಬಿಟ್ಟದ್ದು ಘಟ್ಟದ ತಣ್ಣೀರಿನ ಮೀನು. ಅವು ನಮ್ಮವುಗಳ ಜೊತೆ ಕೂಡಿ ಹಾಕಿದ ಮರಿಗಳಿಗೂ ಈ ಬಿಸಿ ತಾಳಲಿಲ್ಲ. ಚಳಿಗಾಲದಲ್ಲಿ ಭರಮು ಕಳಿಸಿದ ರೆಕ್ಕೆಯ ಚೂರುಗಳನ್ನು ಓದಿಸಿದ್ದೆ. ಎಳೆಯ ಮೀನುಗಳಲ್ಲಿ ಒಂದರಲ್ಲೂ ನಮ್ಮ ಬಳಗ ಪೂರ್ತಿಯಾಗಿ ಇರಲಿಲ್ಲ. ಹಳೆಯವು ಒಂದಷ್ಟು ಇನ್ನೂ ಇದ್ದವು, ಅವನ್ನಾದರೂ ತೊಟ್ಟಿಗೆ ತರೋಣ ಎಂದರೆ ಅನುಮತಿಯ ಕಾಗದ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಈ ಬೇಸಿಗೆ ಬಂತು. ಇಷ್ಟು ಮೀನು ಇಲ್ಲದಿದ್ದರೆ ಆ ಚೂರು ನೀರಿನಲ್ಲಿ ಹಳೆಯವು ತಡೆಯುತ್ತಿದ್ದವೋ ಏನೋ. ಹಿಂದೆ ಎಷ್ಟೋ ಕೆಟ್ಟ ಬೇಸಿಗೆ ತಡೆದಿವೆ. ಸತ್ತವು ಕೊಳೆತು ನೀರು ಕೆಟ್ಟಿತು, ಅದರೊಳಗೆ ಯಾವುದೂ ಉಳಿಯಲಿಲ್ಲ.

ನನಗೆ ಮೊದಲ ವರ್ಷವೇ ಗೊತ್ತಿತ್ತು. ಆಗ ನಿಮ್ಮ ಮರಿಗಳನ್ನು ಬಲೆ ಹಾಕಿ ತೆಗೆದು ಸಾಯಿಸಿದ್ದರೆ ಆಗಿಹೋಗುತ್ತಿತ್ತು. ನೀನು ಅವಕ್ಕೆ ತಿನ್ನಿಸುತ್ತಿದ್ದೆ, ನಗುತ್ತಿದ್ದೆ. ಬರೆಯಲು ಕೈ ಬರಲಿಲ್ಲ. ಒಳ್ಳೆಯದಾಯಿತು ಎಂದು ಬರೆದೆ. ಅದನ್ನೇ ನೀನು ಕಾಕಾನಿಗೆ ಓದಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದ್ದರೆ ಸುಲಭವಾಗುತ್ತಿತ್ತು. ಇಲ್ಲಿ ಫ್ರೀಜರಿನಲ್ಲಿ ಮೊದಲು ತಂದ ರೆಕ್ಕೆಯ ಚೂರುಗಳು ಹಾಗೇ ಇವೆ. ಆ ಬಳಗದ ಬರಹವನ್ನು ಬೇಕಾದಾಗ ಓದಬಹುದು. ಓದಿ ಏನು ಮಾಡಲಿ, ಅದರಿಂದ ಒಂದು ಮರಿಯನ್ನೂ ಮಾಡಲು ನನಗೆ ಬರುವುದಿಲ್ಲ. ಬೇರೆಲ್ಲಾದರೂ ಇರಬಹುದೆಂದು ಮೂರು ವರ್ಷ ದೂಧಗಂಗೆ, ವೇದಗಂಗೆ ಎಲ್ಲಾ ಜಾಲಾಡಿದ್ದೇನೆ. ಇಲ್ಲ.

ಯಾರೂ ಮತ್ತೆ ಬಿಡದ ಹಾಗೆ ನೋಡಿಕೋ. ಹೊಳೆಯ ಮೇಲ್ಭಾಗದಲ್ಲಿ ಎಲ್ಲೋ ನಾಲ್ಕು ಉಳಿದಿದ್ದರೆ, ಮಳೆಗಾಲದಲ್ಲಿ ಇಳಿದು ಬಂದರೆ, ಅವಕ್ಕೆ ಜಾಗ ಇರಲಿ. ನನಗೆ ನಂಬಿಕೆ ಇಲ್ಲ. ಆದರೂ ಇಷ್ಟು ಮಾಡು.

ಬ್ರಾಹ್ಮಿ


ದಿಗ್ಗೇವಾಡಿ
12 ಅಕ್ಟೋಬರ್ 2016

ಬ್ರಾಹ್ಮಿ,

ನಿನ್ನ ಕಾಗದ ಬಂದು ಮಳೆಗಾಲ ಕಳೆಯಿತು. ಸಿಟ್ಟಿನಿಂದ ಸುಮ್ಮನಿದ್ದೆ ಎಂದು ತಿಳಿಯಬೇಡ. ಏನು ಬರೆಯಬೇಕು ಎಂದು ಗೊತ್ತಾಗಲಿಲ್ಲ.

ಅಷ್ಟಮಿಯ ದಿನ ಬಸದಿಯಲ್ಲಿ ಹೇಳುವ ಕಥೆ ನಿನಗೂ ಗೊತ್ತು. ಬಲಿಗೆಂದು ಹಿಟ್ಟಿನ ಕೋಳಿ ಮಾಡಿ ಕಡಿದವರಿಗೂ ಪಾಪ ಸುತ್ತಿಕೊಂಡಿತು, ಕೊಲ್ಲುವ ಮನಸ್ಸು ಇತ್ತು ಎಂದು. ಕೊಲ್ಲುವ ಮನಸ್ಸಿಲ್ಲದೆ ವಂಶವನ್ನೇ ಕೊಂದವರಿಗೆ ಏನಾಗುತ್ತದೆ ಎಂದು ಪಂಡಿತರನ್ನು ಕೇಳಿದೆ. ಅವರು ಭಾವ ಮುಖ್ಯ, ನಿಮ್ಮ ಭಾವ ಶುದ್ಧ ಇತ್ತು, ಚಿಂತೆ ಬಿಡಿ ಎಂದರು. ನನಗೆ ಸಮಾಧಾನವಾಗಲಿಲ್ಲ. ನನ್ನ ಭಾವ ಶುದ್ಧ ಇದ್ದರೆ ಮೀನಿಗೆ ಏನು ಬಂತು?

ನಿನಗೊಂದು ಕೇಳಬೇಕು. ನಿನಗೆ ಸಿಟ್ಟು ಬರಲೆಂದು ಕೇಳುತ್ತಿಲ್ಲ. ನೀನು ಚಿಕ್ಕವಳಿದ್ದಾಗ ಲೆಕ್ಕ ತಪ್ಪಿದರೆ ಕಿವಿ ಹಿಂಡಿ ಅಲ್ಲೇ ತಿದ್ದಿಸುತ್ತಿದ್ದೆ. ಅತ್ತರೂ ಬಿಡುತ್ತಿರಲಿಲ್ಲ. ನಾನು ತಪ್ಪು ಮಾಡಿದಾಗ ನೀನು ಯಾಕೆ ಬಿಟ್ಟೆ? ನನ್ನ ಮೇಲೆ ದಯೆ ಯಾಕೆ ತೋರಿಸಿದೆ? ಬೈದಿದ್ದರೆ ನಾನು ಎರಡು ದಿನ ಅತ್ತು ಮೂರನೇ ದಿನ ಭರಮುವಿನ ಹಿಂದೆ ನಿಂತು ಬಲೆ ಹಾಕಿಸುತ್ತಿದ್ದೆ. ಹಾಕಿಸುತ್ತಿದ್ದೆನೋ ಇಲ್ಲವೋ. ಅದು ನಮ್ಮಿಬ್ಬರಿಗೂ ಇನ್ನು ಗೊತ್ತಾಗುವುದಿಲ್ಲ.

ನೀನು ಹೇಳಿದ ಹಾಗೆ ಕಮಿಟಿಯ ಎದುರು ನಿಂತು ಹೇಳಿದೆ. ಬೀಜ ಕೆಟ್ಟದ್ದು, ನೀರು ಕೆಟ್ಟದ್ದು, ಎಲ್ಲಾ. ನನ್ನದೇ ತಪ್ಪು ಎಂದೂ ಹೇಳಿದೆ. ಎಲ್ಲರೂ ಕೈ ಕಟ್ಟಿ ಕೂತು ಕೇಳಿದರು. ಅವರಲ್ಲಿ ಹೆಚ್ಚಿನವರು ನನ್ನ ವಿದ್ಯಾರ್ಥಿಗಳೇ. ಆಮೇಲೆ ಮಹಾವೀರ ಕಾಕಾ ಮೆಲ್ಲಗೆ, "ಅಕ್ಕೋರ, ಮೀನ ಸತ್ತದ್ದ ಭಾಳ ಮನಸಿಗೆ ಹಚ್ಚಕೊಂಡೀರಿ. ಬರಗಾಲಕ್ಕ ಸತ್ತಾವ್ರಿ, ನೀವ ಏನ ಮಾಡೀರಿ? ಪುಣ್ಯಾದ ಕೆಲಸ ನಡೂಕ ನಿಲ್ಲಸಬಾರದು" ಎಂದ. ನಿನ್ನ ಮೇ ತಿಂಗಳ ಕಾಗದ ಓದಿ ತೋರಿಸಿದೆ. ಮೊದಲು ಒಳ್ಳೆಯದು ಎಂದವಳು ಈಗ ಕೆಟ್ಟದ್ದು ಎಂದರೆ ಯಾವುದನ್ನು ನಂಬೋಣ ಎಂದು ಹಿಂದಿನಿಂದ ಯಾರೋ ಕೇಳಿದರು.

ಮೊನ್ನೆ ಅಷ್ಟಮಿಗೆ ಎರಡು ಗಾಡಿ ಬಂದವು. ಮಡು ತುಂಬಿತ್ತು, ಕೆಂಪು ನೀರು. ಆಚೆ ದಂಡೆಯವರೂ ತಮ್ಮ ಊರಿನ ಮೆಟ್ಟಿಲಲ್ಲಿ ಬೇರೆ ಬಿಡುತ್ತಿದ್ದರು, ಕೂಗು ಇಲ್ಲಿಗೆ ಕೇಳಿಸುತ್ತಿತ್ತು. ನಾನು ಹೋಗಬಾರದು ಎಂದೇ ಮನೆಯಲ್ಲಿ ಕೂತಿದ್ದೆ. ಆಮೇಲೆ ತಡೆಯೋಣ ಎಂದು ಹೋದೆ. ಮೆಟ್ಟಿಲಿಗೆ ಅಡ್ಡ ಕೂತುಕೊಂಡೆ. ಅವರು ತಪ್ಪು ತಿಳಿದರು. ಮಂಡಿ ನೋವಿಗೆ ಕೂತಿದ್ದೇನೆಂದು ಇಬ್ಬರು ರಟ್ಟೆ ಹಿಡಿದು ಎಬ್ಬಿಸಿ ನೀರಿನ ತನಕ ಇಳಿಸಿದರು. ಮೊದಲಿನ ಚೀಲ ಅಕ್ಕೋರೇ ಬಿಡಬೇಕು ಎಂದು ಬಾಯಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಚೀಲದ ಗಾಳಿ ಹೋಗಿಬಿಟ್ಟಿತ್ತು, ಬ್ರಾಹ್ಮಿ. ಮರಿಗಳು ಒಂದರ ಮೇಲೊಂದು ಬಂದು ಬಾಯಿ ತೆರೆಯುತ್ತಿದ್ದವು. ನನಗೆ ನಿನ್ನ ಮಾತು ಒಂದೊಂದೂ ನೆನಪಿತ್ತು. ನೆಲಕ್ಕೆ ಸುರಿದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ನೋಡಿ ಗಾಬರಿಯಾಗಿ, ಮುಂದಿನ ಚೀಲಗಳನ್ನು ಬಿಚ್ಚುತ್ತಿರಲಿಲ್ಲವೋ ಏನೋ. ಸುರಿಯಬೇಕು ಎಂದೇ ಮೆಟ್ಟಿಲಿನ ಕಡೆ ತಿರುಗಿದೆ. ಕಲ್ಲು ಕಾದಿತ್ತು. ಚೀಲದೊಳಗೆ ಅವು ನನ್ನ ಅಂಗೈಗೆ ಬಡಿಯುತ್ತಿದ್ದವು.

ನೀರಿಗೆ ಬಿಟ್ಟೆ. ಈ ಸಲ ಗೊತ್ತಿದ್ದೂ ಬಿಟ್ಟೆ.

ಅವ್ವ